ಎಡಗಡೆ ಕರುಳಿನ ಕ್ಯಾನ್ಸರ್: ಬೆವಾಸಿಜುಮ್ಯಾಬ್ ಹಾಕ್ಸೋದಾ, ಸೆಟುಕ್ಸಿಮ್ಯಾಬಾ?

ಕೇಳಿದವರು, ಕಲಬುರಗಿ: ಅಪ್ಪಾರು 62 ಕೆ.ಜಿ. ಸಿಗ್ಮಾಯ್ಡ್‌ನಾಗ (ದೊಡ್ಡ ಕರುಳಿನ ಎಡಗಡೆ ಕೆಳಭಾಗ) ಗಡ್ಡಿ, ಲಿವರಿಗೂ ಹಬ್ಬ್ಯದ. ಫಾಲ್ಫಾಕ್ಸ್ ಕೀಮೋ ಜೋಡಿ ಟಾರ್ಗೆಟ್ ಇಂಜೆಕ್ಷನ್ ಕೊಡ್ತೀವಿ ಅಂದಾರ. ಗಡ್ಡಿಯ ರಾಸ್ ಜೀನ್ ರಿಪೋರ್ಟ್ ಬಂದಿಲ್ಲ. ಯಾವ್ದು ಹಾಕ್ಸಲಿ?

ಹುಮನಾಬಾದ್: ಬೆವಾ. ಕೆ.ಜಿ.ಗೆ 5 ಮಿ.ಗ್ರಾಂ, ಎರಡು ವಾರಕ್ಕೊಮ್ಮೆ. 310 ಆಗ್ತದ, ಡಾಕ್ಟರಿಗೆ ಕೇಳಿ 300ಕ್ಕ ಇಳಿಸಿದ್ರ 100ರ ಮೂರು ವಯಲ್ ಸಾಕು. ನಮಗ ಅಂಗಡಿಯವ 400ರದ್ದು ಕೊಟ್ಟ, ಉಳಿದದ್ದು ಗಟಾರಕ್ಕ. ಪ್ರಿಸರ್ವೇಟಿವ್ ಇರಂಗಿಲ್ಲ, ತೆರೆದ ವಯಲ್ ಮುಂದಿನ ಡೋಸಿಗೆ ಇಡಂಗಿಲ್ಲ. ನಾರ್ಮಲ್ ಸಲೈನ್‌ನಾಗೇ ಕಲಸಬೇಕು, ಗ್ಲೂಕೋಸ್‌ನಾಗಲ್ಲ. ಪ್ರತಿ ಸಲ ಬಿಪಿ ನೋಡ್ರಿ. ಮೂತ್ರದಾಗ ಪ್ರೋಟೀನ್ 2+ ಬಂದ್ರ 24 ತಾಸಿನ ಮೂತ್ರ ಕೂಡಿಸಿ ಅಳೀತಾರ. 2 ಗ್ರಾಂ ಮುಟ್ಟಿದ್ರ ಡೋಸ್ ನಿಲ್ತದ.

ಸೇಡಂ: ಎಲ್ಲಾರ ಕೊರಳಿಗೂ ಬೆವಾ ಕಟ್ಟಬ್ಯಾಡ್ರಿ! ಎಡಗಡೆ ಗಡ್ಡಿ, ರಾಸ್ ವೈಲ್ಡ್ (ಅಂದ್ರ ಕೆಟ್ಟಿಲ್ಲ) ಇದ್ರ ಸೆಟುಕ್ಸಿನೇ ಮೊದ್ಲು. 1.6 ಚದರ ಮೀಟರ್ ಮೈಗೆ (ಎತ್ತರ, ತೂಕದಿಂದ ತೆಗೆಯೂ ಅಳತಿ) ಮೊದಲ ಡೋಸ್ 640 ಮಿ.ಗ್ರಾಂ, ಅಂದ್ರ 100ರ ಏಳು ವಯಲ್. ಆಮ್ಯಾಗ ವಾರಕ್ಕ ನಾಕು. ಮಾರಿ ತುಂಬ ಗುಳ್ಳಿ ಏಳ್ತಾವ. ಮೊಡವಿ ಕ್ರೀಮ್ ಹಚ್ಚಿದ್ರ ಚರ್ಮ ಒಣಗಿ ಒಡೀತದ. ಮೊದಲ ದಿನದಿಂದ್ಲೇ ಮಾಯಿಶ್ಚರೈಸರ್, ಸನ್‌ಸ್ಕ್ರೀನ್, ಡಾಕ್ಸಿಸೈಕ್ಲಿನ್ ಬರೆಸ್ಕೋರಿ. ಆ ಗುಳಿಗಿ ತಗೊಂಡವರಿಗೂ ಬಿಸಿಲು ಆಗಂಗಿಲ್ಲ, ನಮ್ಮ ಬ್ಯಾಸಗಿ ಗೊತ್ತಲ್ಲ. ಮ್ಯಾಗ್ನೀಷಿಯಂ ತಪ್ಪದೆ ಚೆಕ್ ಮಾಡಿಸ್ರಿ.

ಹುಮನಾಬಾದ್: ವಾರವಾರ ಯಾಕ್ರಿ? ಚದರ ಮೀಟರಿಗೆ 500 ಮಿ.ಗ್ರಾಂ ಲೆಕ್ಕದಾಗ ಎರಡು ವಾರಕ್ಕೊಮ್ಮೆ ಕೊಡ್ತಾರ. ಇಷ್ಟೂ ಗೊತ್ತಿಲ್ಲೇನು?

ಸೇಡಂ: ಎಂಟು ವಯಲಿನ ರೊಕ್ಕ ಒಮ್ಮೆಗೇ ನೀವ್ ಕೊಡ್ತೀರೇನು? ಹೆಂಗ ಕೊಟ್ರೂ ಎರಡು ವಾರಕ್ಕ ವಯಲ್ ಅಷ್ಟೇ ಬೇಕು, ಉಳಿಯೂದು ಬಸ್ ಚಾರ್ಜ್.

ಆಳಂದ, ಲ್ಯಾಬ್: ರಿಪೋರ್ಟ್ ಇಲ್ಲದೇ ಎಂಥಾ ಜಗಳರಿ? ರಾಸ್ ಜೀನುಗಳಾದ ಕೆರಾಸ್, ಎನ್‌ರಾಸ್ ಎರಡರದೂ ಎಕ್ಸಾನ್ (ಜೀನಿನ ತುಣುಕು) 2, 3, 4 ನೋಡ್ಯಾರೇನು, ಬ್ರಾಫ್ ಜೀನಿನ ವಿ600ಇ ಟೆಸ್ಟ್ ಮಾಡ್ಯಾರೇನು ಕೇಳ್ರಿ. ರಾಸ್ ಕೆಟ್ಟಿದ್ರ ಕೋಶದ ಮ್ಯಾಲಿನ ಸಿಗ್ನಲ್ ಬಾಗಿಲು ಇಜಿಎಫ್‌ಆರ್ ಅನ್ನ ಸೆಟುಕ್ಸಿ ಮುಚ್ಚಿದ್ರೂ ಒಳಗ ಬೆಳವಣಿಗಿ ಸಿಗ್ನಲ್ ನಡದೇ ಇರ್ತದ; ಸೆಟುಕ್ಸಿ ದಂಡ, ಫಾಲ್ಫಾಕ್ಸ್ ಜೋಡಿ ಹಾನಿನೂ ಆಗಬಹುದು. ಬೆವಾ, ಸೆಟುಕ್ಸಿ ಎರಡೂ ಕೂಡಿಸೂ ಆಸೆ ಬ್ಯಾಡ, 2009ರ ಕೈರೋ-2 ಪ್ರಯೋಗದಾಗ ಹಂಗ ಕೊಟ್ಟವರಿಗೆ ರೋಗ ಬೇಗ ಮುಂದುವರೀತು. ಲಿವರ್ ಆಪರೇಷನ್ ಮಾತಿದ್ರ ಬೆವಾ ಕನಿಷ್ಠ 28 ದಿನ ಮೊದ್ಲೇ ನಿಲ್ಲಬೇಕು, ಗಾಯ ಕೂಡಂಗಿಲ್ಲ. ಟೆಸ್ಟಿಗೆ ಪ್ಯಾರಾಫಿನ್ ಬ್ಲಾಕ್ (ಗಡ್ಡಿ ತುಣುಕು ಇಟ್ಟ ಮೇಣದ ಗಟ್ಟಿ) ಕೊಟ್ಟಾಗ ರಸೀದಿ ತಗೋರಿ; ಬಿಸಿಲಾಗ ಕಾರಿನಾಗ ಬಿಟ್ರ ಮೇಣ ಮೆತ್ತಗಾಗ್ತದ.

ಯಾದಗಿರಿ, ಔಷಧಿ ಅಂಗಡಿ: ಈ ಇಂಜೆಕ್ಷನ್ ಹೈದರಾಬಾದಿಂದ ತರೋರು 2ರಿಂದ 8 ಡಿಗ್ರಿ ತಂಪು ಕಾಯಿರಿ. ಐಸಿಗೆ ತಾಗಿಸಿ ಇಡಬ್ಯಾಡ್ರಿ, ಹೆಪ್ಪುಗಟ್ಟಿದ್ರ ಕೆಲಸಕ್ಕ ಬರಂಗಿಲ್ಲ. ಅಲುಗಾಡಿಸಲೂಬಾರ್ದು.

ಹುಮನಾಬಾದ್: ಹೌದ್ರಿ, 300 ಕೇಳಿದ್ರ 400 ಕೊಡೋರೂ ನೀವೇ.

ಯಾದಗಿರಿ, ಔಷಧಿ ಅಂಗಡಿ: ಚೀಟಿಯಾಗ 310 ಬರದಿದ್ರ 300 ಹೆಂಗ ಕೊಡ್ಲಿ? ಡಾಕ್ಟರಿಗೆ ಹೋಗಿ ಕೇಳ್ರಿ, ನನ್ನ ಮ್ಯಾಲೆ ಬರಬ್ಯಾಡ್ರಿ.