ಕಾಲು ಇದ್ದೂ ಇಲ್ಲದಂಥ ಹಾವು?

ಪ್ರಶ್ನೆ: ವಿರಾಜಪೇಟೆ ಹತ್ತಿರ ನಮ್ಮ ಕಾಫಿ ತೋಟ. ನಿನ್ನೆ ಗಿಡದ ಬುಡದ ತರಗೆಲೆ ಸರಿಸಿದಾಗ ಬೆರಳುದ್ದದ್ದೊಂದು ಹಾವಿನ ಹಾಗೆ ನುಸುಳಿತು. ನೋಡಿದರೆ ಚೂರೇ ಚೂರು ನಾಲ್ಕು ಕಾಲು, ಬಾಲ ಕೆಂಪು! ಕೆಲಸದವರು ಕತ್ತಿ ಎತ್ತಿದರು, ನಾನೇ ತಡೆದೆ. ವಿಷ ಇದೆಯಾ?

ಉತ್ತರ 1: ಹಾವುರಾಣಿ ಅನ್ನೋ ಹಲ್ಲಿ ಜಾತಿ ಅಣ್ಣಾ, ವಿಷ ಇಲ್ಲ. ಚುಕ್ಕೆ ಇರುವ ಹಾವುರಾಣಿಯ ಮರಿ ಇರಬೇಕು, ಮರಿಗಳ ಬಾಲವೇ ಕೆಂಪು. ಎಲೆ, ಸಡಿಲ ಮಣ್ಣಲ್ಲಿ ನುಸುಳೋದಕ್ಕೆ ಉದ್ದ ಕಾಲು ಅಡ್ಡಿ ಅಲ್ವಾ? ಮತ್ತೆ ಸಿಕ್ಕರೆ ಕಣ್ಣು ನೋಡಿ. ರೆಪ್ಪೆ ಮಿಟುಕಿಸಿದರೆ ಹಾವಲ್ಲ.

ಉತ್ತರ 2: ಬಾಲ ಮಾತ್ರ ಹಿಡಿಯಬೇಡಿ, ಕಳಚಿಕೊಳ್ಳುತ್ತೆ. ಚಿಕ್ಕವನಿದ್ದಾಗ ಹಿಡಿದಿದ್ದೆ. ತುಂಡು ಕೈಯಲ್ಲೇ ಕುಣಿಯಿತು, ಅಮ್ಮ ಓಡಿದ್ದು ಅಡಿಗೆಮನೆವರೆಗೆ!

ಪ್ರಶ್ನೆ ಕೇಳಿದವನು: ಸರಿ, ಆ ಗಿಡದ ಬುಡ ಇನ್ನು ಗುಡಿಸಲ್ಲ.