ಮರಿ ಗಟ್ಟಿಮುಟ್ಟಾಗಿದೆ, ವಿಮೆ ಏಕೆ ಬೇಕು? ಪಶುವೈದ್ಯರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ: ನಮ್ಮ ಲ್ಯಾಬ್ರಡಾರ್ ಮರಿಗೆ ಐದು ತಿಂಗಳು. ಲಸಿಕೆಗಳೆಲ್ಲ ಆಗಿವೆ, ಮನೆ ತುಂಬ ಕುಣಿದಾಡಿಕೊಂಡಿದೆ. ಆರೋಗ್ಯ ವಿಮೆ ಮಾಡಿಸಲೇಬೇಕೆಂದು ಮಗಳು ಹಠ ಹಿಡಿದಿದ್ದಾಳೆ. ಇದೆಲ್ಲ ಈಗಿನ ಶೋಕಿ ಎನಿಸುತ್ತದೆ. ಒಂದು ದಿನವೂ ಮಂಕಾಗದ ಮರಿಗೆ ವರ್ಷ ವರ್ಷ ಪ್ರೀಮಿಯಂ ಕಟ್ಟುವುದು ದಂಡವಲ್ಲವೇ ಡಾಕ್ಟರೇ?

ಉತ್ತರ: ನಾನು ನಿಮ್ಮ ಮಗಳ ಕಡೆ. ಇದು ಈಗಿನ ಶೋಕಿಯೂ ಅಲ್ಲ, ಸ್ವೀಡನ್‌ನಲ್ಲಿ 1924ರಲ್ಲೇ ನಾಯಿಗೆ ವಿಮೆ ಮಾಡಿಸಿದ್ದರು.

ಮರಿ ಚೆನ್ನಾಗಿರುವ ಈ ಹೊತ್ತೇ ಸರಿಯಾದ ಹೊತ್ತು. ಪಾಲಿಸಿಗೆ ಮುಂಚೆಯೇ ಇದ್ದ ಕಾಯಿಲೆಯನ್ನು ಬಹುತೇಕ ಎಲ್ಲ ಕಂಪನಿಗಳೂ ಹೊರಗಿಡುತ್ತವೆ. 'ಮುಂಚೆಯೇ ಇದ್ದ' ಎನ್ನಲು ರೋಗದ ಹೆಸರು ಪತ್ತೆಯಾಗಿರಬೇಕೆಂದೇನೂ ಇಲ್ಲ. 'ಮುಂಗಾಲು ಕುಂಟುತ್ತಿದೆ' ಎಂದು ವೈದ್ಯರು ಒಮ್ಮೆ ಬರೆದಿಟ್ಟಿದ್ದರೂ ಸಾಕು. ಲ್ಯಾಬ್ರಡಾರ್‌ಗಳಲ್ಲಿ ಸೊಂಟದ ಕೀಲು, ಮುಂಗಾಲಿನ ಮೊಣಕೈ ಕೀಲು ಸರಿಯಾಗಿ ಬೆಳೆಯದ ವಂಶಪಾರಂಪರ್ಯ ತೊಂದರೆ ಹೆಚ್ಚು. ವರ್ಷ ತುಂಬುವ ಮೊದಲೇ ಅದು ತಲೆ ಎತ್ತಬಹುದು.

ನಾನು ವಿಮೆಯ ಪರವಾಗಿ ಮಾತನಾಡಲು ಶುರು ಮಾಡಿದ್ದು ಒಂದು ಗಂಡು ಬೆಕ್ಕಿನಿಂದ. ಹಿಂದಿನ ದಿನದಿಂದ ಮರಳಿನ ತಟ್ಟೆಯಲ್ಲಿ ಕೂತು ಮುಕ್ಕರಿಯುತ್ತಿತ್ತಂತೆ, ಮನೆಯವರು ಮಲಬದ್ಧತೆ ಎಂದುಕೊಂಡಿದ್ದರು. ಹೊಟ್ಟೆ ಮುಟ್ಟಿದರೆ ಮೂತ್ರಕೋಶ ಕಲ್ಲಿನಂತೆ ಬಿಗಿದಿತ್ತು. ಮೂತ್ರನಾಳ ಕಟ್ಟಿಕೊಂಡರೆ ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ, ಒಂದೆರಡು ದಿನದಲ್ಲಿ ಹೃದಯವೇ ನಿಲ್ಲಬಹುದು. ಅರಿವಳಿಕೆ ಕೊಟ್ಟು ಮೂತ್ರ ಹೊರತೆಗೆಯುವ ಕ್ಯಾತಿಟರ್ ನಳಿಕೆ ಹಾಕಿ, ಕೆಲವು ದಿನ ಡ್ರಿಪ್‌ನಲ್ಲಿಟ್ಟು ಉಳಿಸಿಕೊಂಡೆವು. ಮೂರು ವಾರದಲ್ಲಿ ಮತ್ತೆ ಕಟ್ಟಿಕೊಂಡಿತು. ಈ ತೊಂದರೆ ಮರುಕಳಿಸುವುದು ಅಪರೂಪವಲ್ಲ, ಅದಕ್ಕೊಂದು ಶಸ್ತ್ರಚಿಕಿತ್ಸೆಯೂ ಇದೆ. ಬೆಕ್ಕಿನ ಯಜಮಾನರು ಒಂದು ಕೈಯಲ್ಲಿ ಅದರ ತಲೆ ಸವರುತ್ತ, ಇನ್ನೊಂದು ಕೈಯ ಮೊಬೈಲಿನಲ್ಲಿ ಬ್ಯಾಂಕ್ ಖಾತೆ ನೋಡುತ್ತ ನಿಂತಿದ್ದರು. ಕೊನೆಗೆ, 'ನೋವಿಲ್ಲದಂತೆ ಕಳಿಸಿಕೊಡಿ' ಎಂದರು. ಆ ಬೆಕ್ಕಿಗೆ ನಾಲ್ಕು ವರ್ಷ, ಬದುಕುವ ಬೆಕ್ಕು. ಚಿಕಿತ್ಸೆಯ ಮೇಜಿನ ಮುಂದೆ ಲೆಕ್ಕ ಹಾಕಬೇಕಾದ ಸ್ಥಿತಿ ಯಾರಿಗೂ ಬರಬಾರದು, ವಿಮೆ ಬೇಕಿರುವುದು ಅದಕ್ಕೆ.

ಪ್ರಶ್ನೆ (ಇನ್ನೊಬ್ಬರು): ಅದೇ ಹಣವನ್ನು ತಿಂಗಳು ತಿಂಗಳು ಬೇರೆ ಖಾತೆಗೆ ಹಾಕಿಟ್ಟರೆ? ಕಾಯಿಲೆ ಬರದಿದ್ದರೆ ನಮ್ಮಲ್ಲೇ ಉಳಿಯುತ್ತದೆ.

ಉತ್ತರ: ಈಗಲೇ ಒಂದು ದೊಡ್ಡ ಶಸ್ತ್ರಚಿಕಿತ್ಸೆಯ ಖರ್ಚು ತಡೆಯುವಷ್ಟು ಗಂಟು ನಿಮ್ಮಲ್ಲಿದ್ದರೆ ಖಂಡಿತ ಹಾಗೆ ಮಾಡಿ, ವಿಮೆ ಬೇಡ. ಆದರೆ ಮೊದಲ ತಿಂಗಳಿನಿಂದ ಕೂಡಿಡುವವರಿಗೆ ನನ್ನ ಭಯವೇ ಬೇರೆ. ಮರಿ ಕಾಲುಚೀಲ ನುಂಗುವುದು, ಕರುಳು ಕಟ್ಟಿಕೊಳ್ಳುವುದು ಹೆಚ್ಚಾಗಿ ಮೊದಲ ಒಂದೆರಡು ವರ್ಷಗಳಲ್ಲೇ. ಅಷ್ಟರಲ್ಲಿ ಖಾತೆಯಲ್ಲಿ ಎಷ್ಟು ತಾನೇ ಸೇರಿರುತ್ತದೆ? ವಿಮೆ ಇದ್ದರೂ ಉಳಿತಾಯ ಬೇಕು. ಲಸಿಕೆ, ಜಂತುಹುಳದ ಔಷಧಿ, ಸಂತಾನಹರಣ ಶಸ್ತ್ರಚಿಕಿತ್ಸೆ ಸಾಮಾನ್ಯವಾಗಿ ಮೂಲ ಪಾಲಿಸಿಯಲ್ಲಿ ಬರುವುದಿಲ್ಲ. ಹೆಚ್ಚಿನ ಕಡೆ ಬಿಲ್ಲನ್ನು ಮೊದಲು ನೀವೇ ಕಟ್ಟಿ, ಆಮೇಲೆ ಕ್ಲೇಮು ಮಾಡಬೇಕು.

ಪ್ರಶ್ನೆ: ನನ್ನ ಹನ್ನೆರಡು ವರ್ಷದ ಬೆಕ್ಕಿಗೆ ಕಿಡ್ನಿ ತೊಂದರೆ ಇದೆ. ಈಗ ಮಾಡಿಸಬಹುದೇ?

ಉತ್ತರ: ಕಿಡ್ನಿಗೆ ಸಿಗುವುದಿಲ್ಲ. ಈ ವಯಸ್ಸಿನಲ್ಲಿ ಹೊಸದಾಗಿ ಸೇರಿಸಿಕೊಳ್ಳುವವರೂ ಕಡಿಮೆ. ಆ ಹಣವನ್ನು ಕಿಡ್ನಿಗೆಂದೇ ಇರುವ ಆಹಾರಕ್ಕೆ, ನಿಯಮಿತ ರಕ್ತ ಪರೀಕ್ಷೆಗೆ, ರಕ್ತದೊತ್ತಡ ನೋಡಿಸುವುದಕ್ಕೆ ಇಟ್ಟುಕೊಳ್ಳಿ. ಸರಿಯಾಗಿ ನೋಡಿಕೊಂಡರೆ ಇಂಥ ಬೆಕ್ಕುಗಳು ವರ್ಷಗಟ್ಟಲೆ ನೆಮ್ಮದಿಯಿಂದ ಇರುವುದನ್ನು ಕಂಡಿದ್ದೇನೆ.

ಪ್ರಶ್ನೆ: ನಮ್ಮ ನಾಯಿಯ ಎಡ ಮೊಣಕಾಲಿನ ಅಸ್ಥಿರಜ್ಜು (ಲಿಗಮೆಂಟ್) ಹರಿದಾಗ ವಿಮೆ ಇರಲಿಲ್ಲ. ಆಮೇಲೆ ಮಾಡಿಸಿದೆವು. ಈಗ ಬಲ ಮೊಣಕಾಲಿನದು ಹರಿದಿದೆ, ಕ್ಲೇಮು ತಿರಸ್ಕರಿಸಿದ್ದಾರೆ. ಬೇರೆಯೇ ಕಾಲಲ್ಲವೇ?

ಉತ್ತರ: ನಿಮ್ಮ ಸಂಕಟ ಅರ್ಥವಾಗುತ್ತದೆ. ಅನೇಕ ಪಾಲಿಸಿಗಳಲ್ಲಿ ಜೋಡಿ ಅಂಗಗಳ ಷರತ್ತು ಇರುತ್ತದೆ, ಒಂದು ಬದಿಗೆ ಮೊದಲೇ ತೊಂದರೆ ಇದ್ದರೆ ಇನ್ನೊಂದು ಬದಿಯನ್ನೂ ಹೊರಗಿಡುತ್ತಾರೆ. ನಾಯಿಗಳಲ್ಲಿ ಈ ಅಸ್ಥಿರಜ್ಜು ಒಂದೇ ಪೆಟ್ಟಿಗೆ ಹರಿಯುವುದಕ್ಕಿಂತ ನಿಧಾನವಾಗಿ ಸವೆದು ಹರಿಯುವುದೇ ಹೆಚ್ಚು. ಒಂದು ಹೋದ ನಾಯಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟಕ್ಕೆ ಇನ್ನೊಂದೂ ಹೋಗುತ್ತದೆ. ನಿಮ್ಮ ಪಾಲಿಸಿಯಲ್ಲಿ ಆ ಷರತ್ತು ಸ್ಪಷ್ಟವಾಗಿ ಇದೆಯೇ ಎಂದು ಓದಿ. ಇಲ್ಲದಿದ್ದರೆ ವೈದ್ಯರ ಪತ್ರದೊಂದಿಗೆ ಮೇಲ್ಮನವಿ ಹಾಕಿ, ಸುಮ್ಮನಾಗಬೇಡಿ.

ಪ್ರಶ್ನೆ (ಮೊದಲು ಕೇಳಿದವರು): ಸರಿ ಡಾಕ್ಟರೇ, ಒಪ್ಪಿದೆ. ಪಾಲಿಸಿಯಲ್ಲಿ ಮೊದಲು ಏನು ನೋಡಲಿ?

ಉತ್ತರ: ದೀರ್ಘಕಾಲದ ಕಾಯಿಲೆಯ ಪುಟ ತೆರೆಯಿರಿ. ಮಧುಮೇಹ ಬಂದ ನಾಯಿಗೆ ಸಾಮಾನ್ಯವಾಗಿ ದಿನಕ್ಕೆ ಎರಡು ಬಾರಿ ಇನ್ಸುಲಿನ್, ಅದೂ ಬದುಕಿರುವವರೆಗೆ. ಕೆಲವು ಪಾಲಿಸಿಗಳು ಒಂದು ಕಾಯಿಲೆಗೆ 12 ತಿಂಗಳು ಕೊಟ್ಟು ಕೈಬಿಡುತ್ತವೆ, ಕೆಲವು ಪ್ರತಿ ವರ್ಷ ನವೀಕರಿಸಿ ಮುಂದುವರಿಸುತ್ತವೆ. ಎರಡನೆಯದನ್ನೇ ಹುಡುಕಿ. ವಂಶಪಾರಂಪರ್ಯ ಕಾಯಿಲೆ ಸೇರಿದೆಯೇ, ಪ್ರತಿ ಬಿಲ್ಲಿನಲ್ಲಿ ನಿಮ್ಮ ಪಾಲೆಷ್ಟು, ಕಾಯುವ ಅವಧಿ ಎಷ್ಟು ಎಂದು ಕೇಳಿ. ಕಾಯಿಲೆಗಳಿಗೆ ಅದು ಸಾಮಾನ್ಯವಾಗಿ 14ರಿಂದ 30 ದಿನ, ಆ ಅವಧಿಯಲ್ಲಿ ಬಂದದ್ದು ಲೆಕ್ಕಕ್ಕೆ ಬರುವುದಿಲ್ಲ. ಲಸಿಕೆಯ ಕಾರ್ಡಿನ ಪ್ರತಿ ಪುಟದ ಫೋಟೊ ತೆಗೆದಿಡಿ. ಲಸಿಕೆ ತಪ್ಪಿಸಿದ್ದರೆ, ಆ ಲಸಿಕೆ ತಡೆಯುವ ಪಾರ್ವೋದಂತಹ ವೈರಸ್ ರೋಗಗಳಿಗೆ ಸಾಮಾನ್ಯವಾಗಿ ಕ್ಲೇಮು ಸಿಗುವುದಿಲ್ಲ. ಈ ವಾರವೇ ಮರಿಯನ್ನು ಒಮ್ಮೆ ಪೂರ್ತಿ ತಪಾಸಣೆ ಮಾಡಿಸಿ, ಆರೋಗ್ಯವಾಗಿದೆ ಎಂದು ತಾರೀಖಿನೊಂದಿಗೆ ಬರೆಸಿಕೊಳ್ಳಿ.