ಐದು ಸ್ಥಾಯಿಯ ಫೋರ್ಟೆಪಿಯಾನೊದಲ್ಲಿ ಶೂಮನ್ ನುಡಿಸಬಹುದೇ?

ಪ್ರಶ್ನೆ:
ನಾನು ಕಲಿಯುತ್ತಿರುವ ಸಂಸ್ಥೆಯಲ್ಲಿ, ವಿಯೆನ್ನಾದ ಆಂಟನ್ ವಾಲ್ಟರ್ 1790ರ ದಶಕದಲ್ಲಿ ತಯಾರಿಸುತ್ತಿದ್ದ ವಾದ್ಯಗಳನ್ನು ಅನುಸರಿಸಿ ಮಾಡಿದ ಐದು ಸ್ಥಾಯಿಗಳ ಫೋರ್ಟೆಪಿಯಾನೊ (ಪಿಯಾನೊದ ಆರಂಭದ ರೂಪ) ಇದೆ. ಮೊಜಾರ್ಟ್ ಅದರಲ್ಲಿ ಬಹಳ ಸ್ಪಷ್ಟವಾಗಿ ಕೇಳುತ್ತದೆ. ರಾಬರ್ಟ್ ಶೂಮನ್ 1838ರಲ್ಲಿ ರಚಿಸಿದ ‘ಕಿಂಡರ್‌ಸ್ಸೆನೆನ್’ ಪಿಯಾನೊ ಮಾಲಿಕೆಯ ‘ಟ್ರೊಯ್ಮರೈ’ ಎಂಬ ಕಿರು ರಚನೆಯ ಸ್ವರಗಳೂ ಅದರ ಕೀಲಿಮಣೆಯೊಳಗೇ ಇವೆ. ಆದರೆ ನೀಳ ಸ್ವರಗಳು ಮುಂದಿನ ಸ್ವರ ಬರುವ ಮೊದಲೇ ಕುಂದಿಬಿಡುತ್ತವೆ. ಕೊರತೆ ನನ್ನ ಸ್ಪರ್ಶದಲ್ಲಿದೆಯೇ, ವಾದ್ಯದ ಆಯ್ಕೆಯಲ್ಲಿದೆಯೇ?

ಉತ್ತರ 1:
ಆಯ್ಕೆಯಲ್ಲಿದೆ ಎಂದು ನನಗನ್ನಿಸುತ್ತದೆ. ‘ಹಳೆಯ ಪಿಯಾನೊ’ ಎಂದು ನಾವು ಒಟ್ಟಾಗಿ ಕರೆಯುವ ವಾದ್ಯಗಳ ನಡುವೆ ಅಗಾಧ ಅಂತರವಿದೆ. ವಾಲ್ಟರ್‌ನ ಆ ವಾದ್ಯಗಳಿಂದ ಈ ರಚನೆಯವರೆಗಿನ ಸುಮಾರು ನಾಲ್ಕು ದಶಕಗಳಲ್ಲಿ ಕೀಲಿಮಣೆ ಆರೂವರೆ ಸ್ಥಾಯಿಗಳಷ್ಟು ಅಗಲವಾಯಿತು, ತಂತಿ ದಪ್ಪವಾಯಿತು, ಸುತ್ತಿಗೆಯ ತೂಕ ಹೆಚ್ಚಿತು, ಮೊಣಕಾಲಿನಿಂದ ಎತ್ತುತ್ತಿದ್ದ ಸನ್ನೆಕೋಲಿನ ಜಾಗಕ್ಕೆ ಪಾದದಿಂದ ಒತ್ತುವ ಪೆಡಲ್ ಬಂದಿತು. ಶೂಮನ್ ದಂಪತಿಗಳ ಮನೆಯಲ್ಲಿದ್ದದ್ದು ಕಾನ್ರಾಡ್ ಗ್ರಾಫ್ ತಯಾರಿಸಿ ಕ್ಲಾರಾಗೆ ಉಡುಗೊರೆಯಾಗಿ ಕೊಟ್ಟ ಪಿಯಾನೊ. ಮುಂದೆ ಅದು ಸಂಗೀತ ರಚನಕಾರ ಬ್ರಾಮ್ಸ್‌ನ ಕೈಸೇರಿತು. ಗ್ರಾಫ್‌ನ ವಾದ್ಯಗಳಲ್ಲಿ ಚೌಕಟ್ಟು ಮರದ್ದು, ಸುತ್ತಿಗೆಗೆ ಚರ್ಮದ ಹೊದಿಕೆ, ತಂತಿಗಳು ಒಂದರ ಮೇಲೊಂದು ಹಾಯದೆ ನೇರವಾಗಿ ಸಾಗುತ್ತವೆ. ಆದ್ದರಿಂದ ಮಂದ್ರದ ನಾದ ನಡುವಿನ ಎಳೆಗಳನ್ನು ಮುಚ್ಚುವುದಿಲ್ಲ; ತಂತಿ ದಪ್ಪವಾದ್ದರಿಂದ ಸ್ವರವೂ ವಾಲ್ಟರ್‌ಗಿಂತ ಹೆಚ್ಚು ಹೊತ್ತು ನಿಲ್ಲುತ್ತದೆ. ನೀವು ಹುಡುಕಬೇಕಾದದ್ದು ಆ ಮಾದರಿಯ ಪ್ರತಿಕೃತಿಯನ್ನು.

ಉತ್ತರ 2:
ಕಛೇರಿಗೆ ಗ್ರಾಫ್ ಮಾದರಿಯೇ ಬೇಕು ಎಂಬುದನ್ನು ಒಪ್ಪುತ್ತೇನೆ. ಅಭ್ಯಾಸದ ಮಟ್ಟಿಗೆ ಮಾತ್ರ ವಾಲ್ಟರನ್ನು ಕೈಬಿಡಬೇಡಿ ಎಂದು ಕೇಳಿಕೊಳ್ಳುತ್ತೇನೆ. ‘ಟ್ರೊಯ್ಮರೈ’ಗೆ ಶೂಮನ್ ಮುದ್ರಿಸಿದ ಮೆಟ್ರೊನೋಮ್ (ಲಯಮಾಪಕ) ಸಂಖ್ಯೆ, ಕಾಲು ಸ್ವರಕ್ಕೆ 100, ಅಂದರೆ ನಿಮಿಷಕ್ಕೆ 100 ಎಣಿಕೆ. ಇಂದು ಬಹುತೇಕರು ಇದಕ್ಕಿಂತ ಬಹಳ ನಿಧಾನವಾಗಿ ನುಡಿಸುತ್ತಾರೆ, ಏಕೆಂದರೆ ಈಗಿನ ಪಿಯಾನೊದ ದೀರ್ಘನಾದ ಅದಕ್ಕೆ ಎಡೆಕೊಡುತ್ತದೆ. ಬೇಗ ಕುಂದುವ ವಾದ್ಯದಲ್ಲಿ 100ರ ಸಮೀಪದ ನಡೆಯನ್ನು ಹಿಡಿದು ನೋಡಿ. ಮೊದಲ ನೀಳ ಸ್ವರ ಆರುವ ಮೊದಲೇ ಅದರ ಮೇಲಿನ ಏರಿಕೆ ಆರಂಭವಾಗಿ, ಇಡೀ ಸಾಲು ಒಂದೇ ಉಸಿರಿನಲ್ಲಿ ನಿಲ್ಲುತ್ತದೆ. ಕೀಲಿಯನ್ನು ಬಲವಾಗಿ ಒತ್ತಿದರೆ ನಾದ ಒರಟಾಗುತ್ತದೆಯೇ ಹೊರತು ಅದರ ಆಯುಸ್ಸು ನೀವು ಬಯಸುವಷ್ಟು ಹೆಚ್ಚುವುದಿಲ್ಲ. ಅಗಲವಾದ ಸ್ವರಮೇಳಗಳನ್ನು ಕೆಳಗಿನಿಂದ ಮೇಲಕ್ಕೆ ತುಸು ಬಿಡಿಸಿ ನುಡಿಸುವುದು ಹತ್ತೊಂಬತ್ತನೆಯ ಶತಮಾನದಲ್ಲಿ ಸಾಮಾನ್ಯವಾಗಿತ್ತು. ಅದೂ ಇಲ್ಲಿ ನೆರವಾಗುತ್ತದೆ.

ಉತ್ತರ 3:
ಒಂದು ಎಚ್ಚರಿಕೆ. ಅದೇ ಮಾಲಿಕೆಯ ಮೃದುವಾದ ತುಣುಕುಗಳನ್ನು ಧಾರಾಳವಾಗಿ ನುಡಿಸಿ, ಆದರೆ ಲಿಸ್ಟ್‌ನ ಬಿರುಸಾದ ಅಷ್ಟಕಗಳನ್ನು (ಒಂದು ಸ್ಥಾಯಿ ಅಂತರದ ಎರಡು ಸ್ವರಗಳನ್ನು ಒಟ್ಟಿಗೆ ಬಾರಿಸುವ ಭಾಗಗಳನ್ನು) ಆ ವಾದ್ಯದ ಮೇಲೆ ಪ್ರಯೋಗಿಸಬೇಡಿ. ತೆಳುವಾದ ತಂತಿಗಳು ತುಂಡಾಗುವ ಸಾಧ್ಯತೆಯಿದೆ.